ರಿಜಿಸ್ಟರಿನಲ್ಲಿ ಇಲ್ಲದ ಮದುಮಗ

ನನ್ನ ಕೈಯಿಂದ ಹೋದ ಫೈಲು ವಾಪಸ್ ಬಂದದ್ದಿಲ್ಲ ಎಂದು ಹದಿನಾರು ವರ್ಷ ಕೊಚ್ಚಿಕೊಂಡವನು ನಾನು. ದುಬೈಯ ಅಲ್ ಮುರಕ್ಕಬಾತಿನಲ್ಲಿ, ಒಂದು ಶವರ್ಮಾ ಅಂಗಡಿಗೂ ಒಂದು ಮೊಬೈಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಟೈಪಿಂಗ್ ಸೆಂಟರಿನಲ್ಲಿ ಬಾಗಿಲ ಹತ್ತಿರದ ಮೇಜು ನನ್ನದು. ವೀಸಾದ ಅರ್ಜಿ, ಬಾಡಿಗೆ ಕರಾರು, ಮಗು ಹುಟ್ಟಿದ್ದು, ಮನುಷ್ಯ ಸತ್ತದ್ದು, ಎಲ್ಲವನ್ನೂ ಅರಬಿಯಲ್ಲಿ ಕುಟ್ಟಿ ಸರ್ಕಾರಕ್ಕೆ ಒಪ್ಪಿಸುವುದು ನಮ್ಮ ಕಸುಬು. ಮದ್ರಸದಲ್ಲಿ ಪೆಟ್ಟು ತಿಂದು ಕಲಿತ ಅರಬಿ ಅಕ್ಷರ ಒಂದು ದಿನ ಈ ಅಬ್ಬಾಸನ ಹೊಟ್ಟೆ ತುಂಬಿಸುತ್ತದೆ ಎಂದು ನಮ್ಮೂರಿನ ಉಸ್ತಾದರೂ ಅಂದುಕೊಂಡಿರಲಿಕ್ಕಿಲ್ಲ.

ಬಂದವರಿಗೆ ಬೈಯುವುದರಲ್ಲಿಯೂ ನನಗೆ ಹೆಸರಿತ್ತು. ಅದರಲ್ಲೂ ಫ್ಯಾಮಿಲಿ ವೀಸಾಕ್ಕೆ ಬರುವ ಗಂಡಸರಿಗೆ. ಹೆಂಡತಿಯನ್ನು ಕರೆಸಿಕೊಳ್ಳಬೇಕು ಎನ್ನುತ್ತಾರೆ, ಮದುವೆಯ ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಒಬ್ಬ ಮದುವೆಯ ಆಲ್ಬಮ್ಮನ್ನೇ ಹೊತ್ತು ತಂದಿದ್ದ. ಭಟ್ಕಳದ ಸೈಫುಲ್ಲಾ ಎಂಬವರು ಆಮಂತ್ರಣ ಪತ್ರಿಕೆ ತೋರಿಸಿ, ತಾರೀಕು ಇದರಲ್ಲೇ ಉಂಟಲ್ಲ ಎಂದು ನನಗೇ ಪಾಠ ಹೇಳಿದ್ದರು.

"ಮದುವೆ ಆದ್ರೆ ಸಾಕಾ? ಆದದ್ದಕ್ಕೆ ಕಾಗದ ಬೇಡ್ವಾ? ಇಷ್ಟು ವರ್ಷ ಎಂತ ಮಾಡ್ತಾ ಇದ್ರಿ?" ಎಂದು ನಾನು ಶುರು ಮಾಡಿದರೆ ಪಕ್ಕದ ಮೇಜಿನ ಸೆಬಾಸ್ಟಿಯನ್ ಕೀಬೋರ್ಡ್ ಬಿಟ್ಟು ಕುರ್ಚಿ ಈ ಕಡೆ ತಿರುಗಿಸಿಕೊಳ್ಳುತ್ತಿದ್ದ. ಅವನು ಕಾರ್ಕಳ ಕಡೆಯವನು. ಹೆಂಡತಿ ಮಾರ್ಟಿನಾ ಇಲ್ಲೇ ನರ್ಸು. ಮಧ್ಯಾಹ್ನಕ್ಕೆ ಮನೆಯ ಸಾರು ಡಬ್ಬಿಯಲ್ಲಿ ಬರುತ್ತದೆ. ಹಾಗಾಗಿ ಬೇರೆಯವರ ಪಾಡು ನೋಡಿ ನಗುವುದಕ್ಕೆ ಅವನಿಗೆ ಪುರುಸೊತ್ತಿತ್ತು.

ನನ್ನ ಹೆಂಡತಿ ಝುಲೈಖ ಊರಿನಲ್ಲಿ ಇದ್ದಳು. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ನಮ್ಮ ಬ್ಯಾರಿಗಳ ಪದ್ಧತಿಯಂತೆ ಅವಳು ತಾಯಿಯ ಮನೆಯಲ್ಲೇ ಇದ್ದು ಬುರ್ಖಾ ಹೊಲಿಯುತ್ತಿದ್ದಳು. ನಾನು ಎರಡು ಮೂರು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ, ಅತ್ತೆ ಮಾಡಿದ ಕೋಳಿ ರೊಟ್ಟಿ ತಿಂದು ಬರುತ್ತಿದ್ದೆ. ಹೆಂಡತಿಯನ್ನು ಕರೆಸಿಕೊಳ್ಳಲು ಬೇಕಾದಷ್ಟು ಸಂಬಳ ಇರಲಿಲ್ಲ. ಇದ್ದ ಜಾಗವೋ, ಆರು ಮಂದಿ ಮಲಗುವ ಕೋಣೆಯಲ್ಲಿ ಮೇಲಿನ ಮಂಚ. ಹೀಗೆ ಇರುವವರು ಇಲ್ಲಿ ಸಾವಿರಗಟ್ಟಲೆ ಇದ್ದಾರೆ ಎಂದು ನಾನು ನನ್ನನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳನ್ನು ಸಮಾಧಾನ ಮಾಡಬೇಕು ಎಂದು ಹೊಳೆದದ್ದು ಕಡಿಮೆ.

ಎರಡು ಸಾವಿರದ ಹದಿನಾಲ್ಕರ ಮಾರ್ಚಿನಲ್ಲಿ ಧಣಿ ಸಂಬಳ ಏರಿಸಿದರು. ಅದೇ ವಾರ ಮುರಕ್ಕಬಾತಿನ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಸ್ಟುಡಿಯೋ ಫ್ಲ್ಯಾಟು ಖಾಲಿಯಾಯಿತು. ಒಂದೇ ಕೋಣೆ, ಮೂಲೆಯಲ್ಲಿ ಅಡಿಗೆ ಕಟ್ಟೆ, ಒಂದು ಕಿಟಕಿ. ಕಿಟಕಿಯಿಂದ ಕಾಣುವುದು ಎದುರು ಮನೆಯ ಎಸಿ ಪೆಟ್ಟಿಗೆಗಳು. ನನಗೆ ಅದು ಅರಮನೆ. ಕರಾರಿಗೆ ಸಹಿ ಹಾಕಿ ಕೆಳಗಿಳಿದವನೇ ಝುಲೈಖಗೆ ಫೋನ್ ಮಾಡಿದೆ.

"ಮಸೀದಿಗೆ ಹೋಗಿ ನಮ್ಮ ನಿಕಾಹ್ ರಿಜಿಸ್ಟರಿನ ನಕಲು ತಗೊಂಡು ಬಾ. ಅದನ್ನು ಇಟ್ಟುಕೊಂಡು ಸರ್ಕಾರದಲ್ಲಿ ನೋಂದಣಿ ಮಾಡಿಸುವ. ಉಳಿದದ್ದೆಲ್ಲ ನಾನು ನೋಡಿಕೊಳ್ತೇನೆ. ನಿನ್ನನ್ನು ಇಲ್ಲಿಗೆ ತರಿಸುವುದೇ."

ಆ ಕಡೆಯಿಂದ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಸಂತೋಷಕ್ಕಿರಬೇಕು ಎಂದುಕೊಂಡೆ.

"ನಕಲು ನನ್ನ ಹತ್ರವೇ ಉಂಟು. ಆದ್ರೆ ಅದ್ರಲ್ಲಿ ಹೆಸರು ತಪ್ಪುಂಟು. ನಿಮ್ಗೆ ಹೇಳಿದ್ದೆ."

"ಯಾವಾಗ?"

"ನೀವು ಎರಡನೇ ಸಲ ಊರಿಗೆ ಬರುವ ಮೊದಲು."

ಅಂದರೆ ಹತ್ತು ವರ್ಷ ಹಿಂದೆ. ನನಗೆ ನೆನಪಿರಲಿಲ್ಲ. ಫೋಟೋ ತೆಗೆದು ಕಳಿಸು ಎಂದೆ, ಕಳಿಸಿದಳು. ಮದುಮಗಳು: ಝುಲೈಖ. ಸರಿ. ಮದುಮಗ: ಅಹ್ಮದ್ ಕುಂಞಿ, ಮುಹಮ್ಮದ್ ಬ್ಯಾರಿಯವರ ಹಿರಿಯ ಮಗ.

ಅಹ್ಮದ್ ಕುಂಞಿ ನನ್ನ ಅಣ್ಣ. ನಾವು ಅವರನ್ನು ಕಾಕ ಎನ್ನುತ್ತೇವೆ.

ಇದು ಹೇಗಾಯಿತು ಎಂದು ಮೊಬೈಲ್ ಹಿಡಿದು ಕೂತಲ್ಲೇ ಗೊತ್ತಾಯಿತು. ನನ್ನ ನಿಕಾಹಿಗೆ ನಾನು ಹೋಗಿರಲಿಲ್ಲ. ಎರಡು ಸಾವಿರದ ಎರಡನೇ ಇಸವಿ, ಹಾಲ್ ಗೊತ್ತು ಮಾಡಿ, ಮದುವೆ ಕಾಗದ ಹಂಚಿ ಆಗಿತ್ತು. ಆಗ ನಾನು ಟೈಪಿಸ್ಟಾಗಿದ್ದ ಬೇರೊಂದು ಕಂಪನಿಯವರು ಕಡೇ ಗಳಿಗೆಯಲ್ಲಿ ರಜೆ ಇಲ್ಲ ಎಂದರು, ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಮದುವೆ ಮುಂದೆ ಹಾಕುವ ಎಂದು ಝುಲೈಖಳ ಉಪ್ಪ, ಅಂದರೆ ಅವಳ ತಂದೆ, ಕೇಳಿದ್ದರಂತೆ. ಬೇಡ, ವಕೀಲನನ್ನು ಕೂರಿಸಿ ಮುಗಿಸಿಬಿಡಿ ಎಂದು ಹೇಳಿದವನು ನಾನೇ. ನಮ್ಮ ನಿಕಾಹಿನಲ್ಲಿ ವಕೀಲನೆಂದರೆ ಕೋರ್ಟಿನವನಲ್ಲ. ಬರಲಾಗದ ಮದುಮಗನ ಬದಲು ಕೂತು, ಅವನಿಗೋಸ್ಕರ ನಾನು ಈ ನಿಕಾಹನ್ನು ಒಪ್ಪಿದ್ದೇನೆ ಎಂದು ಹೇಳುವವನು. ಗಲ್ಫಿಗೆ ಗಂಡುಮಕ್ಕಳನ್ನು ಕಳಿಸಿದ ನಮ್ಮ ಊರುಗಳಲ್ಲಿ ಅದೇನು ಹೊಸತಲ್ಲ. ಕಾಕ ಹೋಗಿ ಕೂತರು. ಹುಡುಗಿಯ ಉಪ್ಪ ಕಾಕನ ಕೈ ಹಿಡಿದು ಮಗಳನ್ನು ಕೊಟ್ಟರು. ನಾನು ದುಬೈಯ ದೇರಾದ ಕೋಣೆಯಲ್ಲಿ ಫೋನಿನ ಹತ್ತಿರ ಕೂತಿದ್ದು, ಆಯಿತು ಎಂದು ಸುದ್ದಿ ಬಂದ ಮೇಲೆ ಆರು ಮಂದಿಗೆ ಖರ್ಜೂರ ಹಂಚಿದೆ.

ಆ ತಿಂಗಳು, ಮಸೀದಿಯಲ್ಲಿ ನಿಕಾಹ್ ಮಾಡಿಸುವ ನಮ್ಮೂರಿನ ಖತೀಬರು ಹಜ್ಜಿಗೆ ಹೋಗಿದ್ದರು. ಬದಲಿಗೆ ಬಂದಿದ್ದ ಹೊಸ ಮದ್ರಸ ಮಾಸ್ತರರಿಗೆ ಊರಿನವರ ಗುರುತಿಲ್ಲ, ರಿಜಿಸ್ಟರಿನಲ್ಲಿ ವಕೀಲನ ಹೆಸರು ಬರೆಯಲು ಜಾಗವೂ ಇರಲಿಲ್ಲ. ಎದುರು ಕೂತು ಸಹಿ ಹಾಕಿದವನ ಹೆಸರನ್ನು ಮದುಮಗನೆಂದು ಬರೆದರು. ನಿಕಾಹ್ ಮುಗಿದ ಕೂಡಲೇ ಜನ ತುಪ್ಪದನ್ನದ ಕಡೆಗೆ ಏಳುವವರು, ಬರೆದದ್ದನ್ನು ಓದಿ ನೋಡುವವರು ಯಾರು?

ಝುಲೈಖ ಹೇಳಿದ್ದೂ ಆಮೇಲೆ ನೆನಪಾಯಿತು. ಫೋನ್ ಕಾರ್ಡ್ ಹಾಕಿ ಮಾತಾಡುವ ಕಾಲ. ರೇಷನ್ ಕಾರ್ಡಿಗೆ ಕೊಡಲು ನಕಲು ತೆಗೆಸಿದೆ, ನಿಮ್ಮ ಹೆಸರಿನ ಜಾಗದಲ್ಲಿ ಕಾಕನ ಹೆಸರುಂಟು ಎಂದು ಏನೋ ಹೇಳಿದ್ದಳು. ಫೋನ್ ಕಾರ್ಡಿನಲ್ಲಿ ಎರಡು ನಿಮಿಷ ಉಳಿದಿತ್ತು. ಈಗ ಅದು ಯಾರಿಗೆ ಬೇಕು, ಬೇಕಾದಾಗ ನೋಡುವ ಎಂದಿದ್ದೆ. ನಾನು ಹಾಗೆ ಅಂದದ್ದೇ. ಅಂದಿಲ್ಲವೆಂದು ಸುಳ್ಳು ಹೇಳಲಾರೆ.

ಸೆಬಾಸ್ಟಿಯನ್ ಬಗ್ಗಿ ನನ್ನ ಮೊಬೈಲ್ ನೋಡಿದ.

"ಅಹ್ಮದ್ ಕುಂಞಿ ಯಾರು ಮಾರಾಯ?"

"ನನ್ನ ಅಣ್ಣ."

"ಇಷ್ಟು ವರ್ಷ ಎಂತ ಮಾಡ್ತಾ ಇದ್ದಿ?" ಎಂದ. ನನ್ನದೇ ಮಾತನ್ನು ನನ್ನದೇ ರಾಗದಲ್ಲಿ ಹೇಳಿದ. ಅವನು ತಮಾಷೆಗೆ ಹೇಳಿದ್ದು, ನನಗೆ ಉರಿಯಿತು. ಆ ದಿನ ಬಂದ ಗಿರಾಕಿಗಳಿಗೆಲ್ಲ ಅದರ ಬಿಸಿ ತಾಗಿತು.

ದಾರಿ ನನಗೆ ಗೊತ್ತಿತ್ತು. ನಾನು ವಕೀಲ ಮಾತ್ರ, ಮದುಮಗನಲ್ಲ ಎಂದು ಕಾಕ ಪ್ರಮಾಣಪತ್ರ ಕೊಡಬೇಕು. ಮಸೀದಿ ಕಮಿಟಿ ರಿಜಿಸ್ಟರ್ ತಿದ್ದಬೇಕು. ಆಮೇಲೆ ನಾವಿಬ್ಬರೂ ಹೋಗಿ ಸಬ್ ರಿಜಿಸ್ಟ್ರಾರ್ ಎದುರು ಸಹಿ ಹಾಕಬೇಕು. ಮರುದಿನ ಮಧ್ಯಾಹ್ನ ಕಟ್ಟಡದ ಹಿಂದಿನ ಮೆಟ್ಟಿಲಲ್ಲಿ ಕೂತು ಕಾಕನಿಗೆ ಫೋನ್ ಹಚ್ಚಿದೆ. ಕಾಕ ಕಡಿಮೆ ಮಾತಿನವರು, ಊರಿನ ಪೇಟೆಯಲ್ಲಿ ಒಣಮೀನಿನ ವ್ಯಾಪಾರ. ವಿಷಯ ಕೇಳಿ, ಪ್ರಮಾಣಪತ್ರ ಕೊಡ್ತೇನೆ, ನಾಳೆಯೇ ಕೊಡ್ತೇನೆ ಎಂದರು. ಫೋನ್ ಇಡಲಿಲ್ಲ.

"ಅಬ್ಬಾಸ್, ನಾನು ಹಾಕಿದ ಸಹಿ ಒಂದಲ್ಲ. ಎರಡು."

"ಎರಡನೆಯದು ಯಾವುದು ಕಾಕ?"

"ಆಸ್ಪತ್ರೆದ್ದು."

ಎರಡು ಸಾವಿರದ ಏಳರಲ್ಲಿ ನಾನು ರಜೆ ಮುಗಿಸಿ ಬಂದ ಮೇಲೆ ಝುಲೈಖ ಬಸುರಿಯಾಗಿದ್ದಳು. ಐದನೇ ತಿಂಗಳಲ್ಲಿ ಹೋಯಿತು. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಕಾಕ ಹೇಳಿದರು. ಅವಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅವಳ ಉಪ್ಪ ಆಗ ತೀರಿಹೋಗಿದ್ದರು, ಮನೆಯಲ್ಲಿ ಬೇರೆ ಗಂಡಸರಿಲ್ಲ. ಕಾಕ ಯಾರದೋ ಜೀಪಿನಲ್ಲಿ ಹಾಕಿಕೊಂಡು ಮಂಗಳೂರಿಗೆ ಒಯ್ದರು. ಆಪರೇಷನ್ನಿಗೆ ಗಂಡನ ಸಹಿ ಬೇಕು ಎಂದು ಆಸ್ಪತ್ರೆಯವರು ಕೇಳಿದರು, ರೇಷನ್ ಕಾರ್ಡ್ ತೆಗೆದು ನೋಡಿದರು. ಗಂಡ, ಅಹ್ಮದ್ ಕುಂಞಿ. ನೀವೇ ಅಲ್ವಾ ಎಂದರು.

"ಅಲ್ಲ ಅಂತ ಹೇಳಿ, ಕಥೆ ಬಿಡಿಸಿ ಕೂರ್ಲಿಕ್ಕೆ ಸಮಯ ಇರಲಿಲ್ಲ. ನಾನು ಹಾಕಿದೆ" ಎಂದರು ಕಾಕ. "ನಮ್ಮೂರಿನ ಒಬ್ಬಳು ಆಯಾ ಅಲ್ಲಿ ಕೆಲಸಕ್ಕಿದ್ದಳು. ಅವಳು ನೋಡಿದಳು."

ಆಮೇಲೆ ಹೇಳಬೇಕಾದ್ದೇ ಇರಲಿಲ್ಲ, ಆದರೂ ಹೇಳಿದರು. ಅತ್ತಿಗೆ ಆರು ವರ್ಷದಿಂದ ಝುಲೈಖಳನ್ನು ಮಾತಾಡಿಸಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಅವಳು ಬಂದ ಕೂಡಲೇ ಮಾತು ನಿಲ್ಲಿಸುತ್ತಾರೆ. ಪಂಚಾಯತಿನಲ್ಲಿ ಗುಮಾಸ್ತ ಗಂಡನ ಹೆಸರನ್ನು ಗಟ್ಟಿಯಾಗಿ ಓದಿ, ಸಾಲಿನಲ್ಲಿ ನಿಂತವರ ಕಡೆಗೆ ನೋಡುತ್ತಾನೆ. ಕಾಕ ಅವಳ ಮನೆಯ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಅವಳು ಎಲ್ಲಿಗೂ ಹೋಗುವುದಿಲ್ಲ, ಮಿಷನ್ನಿನ ಎದುರು ಕೂತಿರುತ್ತಾಳೆ.

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಪರದೇಶದಲ್ಲಿ ಇರುವವನಿಗೆ ಟೆನ್ಶನ್ ಯಾಕೆ ಅಂತ."

ನಾನು ಕಾಕನಿಗೆ ಬಾಯಿಗೆ ಬಂದ ಹಾಗೆ ಬೈದೆ. ಹಿರಿಯರು ಎಂದು ನೋಡಲಿಲ್ಲ. ಫೋನ್ ಇಟ್ಟ ಮೇಲೆ ಆ ಮೆಟ್ಟಿಲಲ್ಲಿ ಕೂತು ಅತ್ತೆ. ಮಗು ಹೋದ ದಿನ ಅವಳ ಹತ್ತಿರ ನಾನು ಏನು ಹೇಳಿದ್ದೆ ಎಂಬುದು ಸರಿಯಾಗಿ ನೆನಪಿತ್ತು. ಬೇಜಾರು ಮಾಡಬೇಡ, ಮುಂದಿನ ರಜೆಗೆ ನೋಡುವ ಎಂದಿದ್ದೆ. ಅಷ್ಟು ದೊಡ್ಡ ಸಂಕಟಕ್ಕೆ ನನ್ನ ಹತ್ತಿರ ಇದ್ದದ್ದು ಅಷ್ಟೇ ಮಾತು.

ಆದರೆ ಅಳು ನಿಂತ ಕೂಡಲೇ ನನ್ನೊಳಗಿನ ಟೈಪಿಸ್ಟ್ ಎದ್ದು ನಿಂತ. ತಪ್ಪಾದದ್ದು ಕಾಗದ, ಕಾಗದ ಸರಿಮಾಡಿದರೆ ಎಲ್ಲವೂ ಸರಿಯಾಗುತ್ತದೆ. ಅವಳು ಆ ಊರು ಬಿಟ್ಟು ಇಲ್ಲಿಗೆ ಬರುತ್ತಾಳೆ, ಇಲ್ಲಿ ಅವಳಿಗೆ ಯಾರೂ ಏನೂ ಕೇಳುವುದಿಲ್ಲ. ಆವತ್ತಿನಿಂದ ನಾನು ಬೇರೆ ಕೆಲಸವೇ ಇಲ್ಲದವನ ಹಾಗೆ ಅದರ ಬೆನ್ನು ಹತ್ತಿದೆ.

ಏಪ್ರಿಲಿನಲ್ಲಿ ಸೆಬಾಸ್ಟಿಯನ್ನಿಗೆ ಅಬುಧಾಬಿಯಲ್ಲಿ ಕೆಲಸವಿತ್ತು. ಅವನ ಕಾರಿನಲ್ಲಿ ನಾನೂ ಹೊರಟೆ. ವಾಪಸಾಗುವಾಗ ಅಲ್ಲಿನ ಅಲ್ ಮೀನಾ ಬಂದರಿನ ಕಾರ್ಪೆಟ್ ಮಾರುಕಟ್ಟೆಗೆ ಹೊಕ್ಕೆವು. ಕೋಣೆಯಲ್ಲಿ ಕುರ್ಚಿ ಇಡಲು ಜಾಗವಿಲ್ಲ, ನೆಲಕ್ಕೆ ಹಾಸಿ ಒರಗಿ ಕೂರುವ ದಿಂಬುಗಳು ಬೇಕಿತ್ತು. ಅಂಗಡಿಯವನು ಕೆಂಪು, ಹಸಿರು, ಬೂದು ಎಂದು ಒಂದರ ಮೇಲೊಂದು ಹಾಕಿ ತೋರಿಸಿದ. ನಾನು ಅಂಗಡಿಯಲ್ಲೇ ನಿಂತು ಝುಲೈಖಗೆ ಫೋನ್ ಮಾಡಿ ಯಾವ ಬಣ್ಣ ಎಂದು ಕೇಳಿದೆ.

"ನಿಮಗೆ ಯಾವುದು ಆಗ್ತದೆ ಅದು ತಗೊಳ್ಳಿ."

"ಕೂರುವವಳು ನೀನಲ್ವಾ?"

"ನಿಮಗೆ ಯಾವುದು ಆಗ್ತದೆ ಅದು" ಎಂದಳು ಮತ್ತೆ.

ಹೆಂಡತಿ ಎಷ್ಟು ತಗ್ಗಿ ನಡೆಯುವವಳು ನೋಡು ಎಂದು ಸೆಬಾಸ್ಟಿಯನ್ನಿಗೆ ಹೆಮ್ಮೆಯಿಂದ ಹೇಳಿದೆ. ಅವನು, "ಮಾರ್ಟಿನಾ ಆಗಿದ್ರೆ ಹತ್ತು ಫೋಟೋ ತರಿಸಿ ಹತ್ತನ್ನೂ ಬೇಡ ಅಂತಿದ್ಳು" ಎಂದ. ಹಾಗೆ ಹೇಳುವಾಗ ಅವನು ನಗಲಿಲ್ಲ. ನಾನು ಹಸಿರನ್ನು ಕಟ್ಟಿಸಿದೆ.

ಮೇ ತಿಂಗಳಿನಲ್ಲಿ ಎಂಟು ದಿನದ ರಜೆ ಹಾಕಿ ಊರಿಗೆ ಹೋದೆ. ಹೋದ ಮೊದಲನೇ ದಿನವೇ ಝುಲೈಖಳ ಎದುರು ಕೂತು, ಕಾಕ ಎಲ್ಲ ಹೇಳಿದರು, ನನ್ನದು ತಪ್ಪಾಯಿತು ಎಂದೆ. ಅವಳು ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದಳು. ಮೂವತ್ತೆರಡು ವರ್ಷ ಅವಳಿಗೆ, ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಎಲ್ಲ ಸರಿ ಮಾಡ್ತೇನೆ ಎಂದೆ.

"ಮೊದಲು ರಿಜಿಸ್ಟರ್ ಸರಿ ಆಗ್ಲಿ" ಎಂದಳು.

ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ. ಅತ್ತೆ ನನಗೆ ಇವತ್ತು ಮದುವೆಯಾಗಿ ಬಂದ ಅಳಿಯನಿಗೆ ಬಡಿಸುವ ಹಾಗೆ ಬಡಿಸಿದರು. ಝುಲೈಖ ಹೊಸ ಬೆಡ್‌ಶೀಟ್ ಹಾಕಿದಳು, ಸ್ನಾನಕ್ಕೆ ಬಿಸಿನೀರು ಇಟ್ಟಳು, ಟವೆಲು ಕೊಟ್ಟಳು. ಮನೆಗೆ ಬಂದ ನೆಂಟನಿಗೆ ಮಾಡುವುದೆಲ್ಲವನ್ನೂ ಅವಳು ಚೆನ್ನಾಗಿ ಮಾಡಿದಳು. ನನಗೆ ಅದು ಆಗ ಕಾಣಲಿಲ್ಲ.

ಮೂರನೇ ದಿನ ಮಸೀದಿಯ ಆಫೀಸಿನಲ್ಲಿ ಕಮಿಟಿಯವರು ಸೇರಿದರು. ಕಾಕ ಎದ್ದು ನಿಂತು ನಾನು ವಕೀಲ ಮಾತ್ರ ಎಂದರು. ಹಳೆಯ ಸಾಕ್ಷಿಗಳಲ್ಲಿ ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ಬಂದು ಹೌದು ಎಂದರು. ಈಗಿನ ಖತೀಬರು ಪರದೆಯ ಆಚೆ ಕೂತ ಝುಲೈಖಳನ್ನು, ಮಗಳನ್ನು ಕರೆಯುವ ಹಾಗೆ ಮೋಳೆ ಎಂದು ಕರೆದು ಕೇಳಿದರು. "ನಿನ್ನ ಗಂಡ ಯಾರು ಮೋಳೆ?"

"ಅಬ್ಬಾಸ್" ಎಂದಳು.

ಹನ್ನೆರಡು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಮ್ಮಲ್ಲಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. ಆ ಗಳಿಗೆಯಷ್ಟು ಸಂತೋಷ ನನಗೆ ಮತ್ತೆ ಆಗಿಲ್ಲ, ಇನ್ನು ಆಗುವುದೂ ಇಲ್ಲ. ಕಾಕ ಕಣ್ಣೊರೆಸಿಕೊಂಡರು. ಖತೀಬರು ಮಾತ್ರ ನನ್ನ ಮುಖ ನೋಡದೆ, ಹಳೆಯ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ನನ್ನದನ್ನು ಬರೆದು ಮೊಹರು ಹಾಕಿದರು.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎಲ್ಲ ಮುಗಿದ ಮೇಲೆ ಝುಲೈಖ ತಾನೇ ಕೌಂಟರಿಗೆ ಹೋಗಿ, ಇದರ ಇನ್ನೊಂದು ಅಸಲು ಪ್ರತಿ ಸಿಗುತ್ತದಾ ಎಂದು ಕೇಳಿದಳು. "ನಿನಗ್ಯಾಕೆ?" ಎಂದೆ. "ನನ್ನ ಹತ್ರವೂ ಒಂದು ಇರ್ಲಿ" ಎಂದಳು. ಟೈಪಿಸ್ಟನ ಹೆಂಡತಿ ಅಂದರೆ ಹೀಗಿರಬೇಕು ಎಂದು ನಾನು ಅಲ್ಲಿದ್ದ ಗುಮಾಸ್ತನ ಎದುರು ನಕ್ಕೆ.

ಆಮೇಲಿನದು ಕಾಗದದ ಪ್ರಯಾಣ. ಮಂಗಳೂರು, ಬೆಂಗಳೂರು, ದಿಲ್ಲಿ, ಅಲ್ಲಿ ಯುಎಇ ರಾಯಭಾರ ಕಚೇರಿ, ಕಡೆಗೆ ಇಲ್ಲಿನ ವಿದೇಶಾಂಗ ಇಲಾಖೆ. ಒಂದೊಂದು ಕಡೆಯೂ ಬೆನ್ನಿಗೆ ಒಂದೊಂದು ಮೊಹರು ಹಾಕಿಸಿಕೊಂಡು ಅದು ಸೆಪ್ಟೆಂಬರಿನಲ್ಲಿ ನನ್ನ ಕೈ ಸೇರಿತು. ಅಷ್ಟರಲ್ಲಿ ಅವಳ ಪಾಸ್‌ಪೋರ್ಟೂ ಬಂದಿತ್ತು. ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಸಂಬಂಧ, ಹೆಂಡತಿ. ಕರೆಸಿಕೊಳ್ಳುವವನು, ಗಂಡ. ಸಾವಿರ ಸಲ ಬೇರೆಯವರಿಗೆ ಕುಟ್ಟಿದ ಪದಗಳು, ಎರಡೆರಡು ಸಲ ಓದಿ ನೋಡಿದೆ. ಅಕ್ಟೋಬರ್ ಮೊದಲ ವಾರದಲ್ಲಿ ಅವಳ ಹೆಸರಿನ ವೀಸಾ ಬಂತು. ಅರವತ್ತು ದಿನದ ಒಳಗೆ ಬಂದು ಇಳಿಯಬೇಕು. ಸೆಂಟರಿನಲ್ಲಿ ಎಲ್ಲರಿಗೂ ಚಾ ಮತ್ತು ಸಮೋಸ ಕೊಡಿಸಿ, ವೀಸಾದ ಫೋಟೋ ತೆಗೆದು ಅವಳಿಗೆ ಕಳಿಸಿದೆ.

ಎರಡು ದಿನ ಉತ್ತರ ಬರಲಿಲ್ಲ. ಶುಕ್ರವಾರ ಜುಮಾ ನಮಾಜು ಮುಗಿಸಿ, ಸ್ಟುಡಿಯೋಗೆ ಬಂದು, ಆ ಹಸಿರು ದಿಂಬಿಗೆ ಒರಗಿ ಫೋನ್ ಮಾಡಿದೆ.

"ವೀಸಾ ನೋಡಿದ್ಯಾ?"

"ನೋಡಿದೆ."

"ಹಾಗಾದ್ರೆ ಟಿಕೆಟ್ ತೆಗೀತೇನೆ. ಇಪ್ಪತ್ತಕ್ಕೆ ಮಂಗಳೂರಿಂದ ಸೀಟುಂಟು."

"ತೆಗೀಬೇಡಿ."

"ಯಾಕೆ, ಮತ್ತೆ ಯಾವಾಗ?"

"ನಾನು ಬರುವುದಿಲ್ಲ" ಎಂದಳು. "ಖತೀಬರಿಗೆ ಅರ್ಜಿ ಕೊಟ್ಟಿದ್ದೇನೆ. ಖುಲಾಕ್ಕೆ."

ಖುಲಾ ಎಂದರೆ ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ. ನಿಕಾಹಿನಲ್ಲಿ ಗಂಡ ಕೊಟ್ಟ ಮಹರ್ ಅನ್ನು ಅವಳು ವಾಪಸ್ ಕೊಡುತ್ತಾಳೆ, ಗಂಡ ಒಪ್ಪಿ ಸಹಿ ಹಾಕುತ್ತಾನೆ. ನನಗೆ ಕೇಳಿಸಿತು, ಅರ್ಥವೂ ಆಯಿತು. ಆದರೂ ಎಂತ ಎಂದು ಕೇಳಿದೆ. ಅವಳು ಮತ್ತೊಮ್ಮೆ ಹೇಳಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು.

"ಈಗಲಾ ಹೇಳುವುದು? ಎಲ್ಲ ಸರಿ ಮಾಡಿಸಿದ ಮೇಲೆ?"

"ಸರಿ ಮಾಡಿಸದೆ ಆಗ್ತಿರಲಿಲ್ಲ" ಎಂದಳು. "ಮೂರು ವರ್ಷ ಮೊದಲು ಒಮ್ಮೆ ಹೋಗಿದ್ದೆ. ಖತೀಬರು ರಿಜಿಸ್ಟರ್ ತೆಗೆದು ನೋಡಿದ್ರು. ನೀನು ಅಬ್ಬಾಸನ ಹೆಂಡತಿ ಅಂತ ಊರಿಗೆಲ್ಲ ಗೊತ್ತುಂಟು ಮೋಳೆ, ಆದ್ರೆ ಇದ್ರಲ್ಲಿ ಇಲ್ಲ, ಇಲ್ಲದ ಗಂಡನ ಕೈಯಿಂದ ಬಿಡಿಸಿ ಕೊಡುವುದು ಹೇಗೆ ಅಂದ್ರು. ಕಾಕನ ಹತ್ರ ಹೋಗಿ ನನ್ನನ್ನು ಬಿಡಿ ಅಂತ ಕೇಳ್ಲಿಕ್ಕೆ ಆಗ್ತದಾ? ಅತ್ತಿಗೆಗೆ ಅದೊಂದು ಬಾಕಿ ಇತ್ತು."

"ನನ್ನ ಹತ್ರ ಹೇಳ್ಬಹುದಿತ್ತಲ್ಲ?"

"ಹೆಸರು ತಪ್ಪುಂಟು ಅಂತ ಹೇಳಿದಾಗ ನೀವು ಬರ್ಲಿಲ್ಲ. ಬಿಟ್ಟುಬಿಡಿ ಅಂತ ಹೇಳಿದ್ರೆ ಬರ್ತಿದ್ರಾ? ವೀಸಾಕ್ಕೆ ಬೇಕು ಅಂತಾದಾಗ ಎರಡೇ ತಿಂಗಳಲ್ಲಿ ಬಂದ್ರಿ."

ಬೈದೆ, ಬೇಡಿದೆ. ಮೋಸ ಮಾಡಿದೆ ಎಂದೆ. ಬೇರೆ ಯಾರಾದರೂ ಇದ್ದಾರಾ ಎಂದು ಕೂಡ ಕೇಳಿದೆ. ಇಂಥ ನಾಲಗೆಗೆ ಯಾರಾದರೂ ಹೆಂಡತಿಯಾಗಿ ಬರುತ್ತಾರೆಯೇ? ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನಿನಗೆ ಎಂತ ಬೇಕು ಹೇಳು ಝುಲೈಖ. ಎಂತದಾದ್ರೂ."

"ಎಂತದೂ ಬೇಡ. ಗಂಡ ಯಾವಾಗ ಬರ್ತಾನೆ ಅಂತ ನನ್ನನ್ನು ಯಾರೂ ಕೇಳ್ಬಾರ್ದು. ಅಷ್ಟೇ" ಎಂದಳು. "ನಿಮ್ಮ ಮೇಲೆ ಕೋಪ ಉಂಟು ಅಂತ ಅಂದ್ಕೊಳ್ಬೇಡಿ. ಅದು ಇದ್ದದ್ದು ಮಗು ಹೋದಾಗ. ಈಗ ಇಲ್ಲ. ಮಹರ್‌ನ ಸರ ಖತೀಬರ ಹತ್ರ ಕೊಟ್ಟಿದ್ದೇನೆ."

ಸಹಿ ಹಾಕುವುದಿಲ್ಲ ಎಂದು ನಾನು ಹಟ ಹಿಡಿದೆ. ಮಸೀದಿಯಿಂದ ಒಪ್ಪಿಗೆಯ ನಮೂನೆ ವಾಟ್ಸಾಪಿನಲ್ಲಿ ಬಂತು, ಅದನ್ನು ತೆರೆದೇ ನೋಡಲಿಲ್ಲ. ಕಾಕ ಫೋನ್ ಮಾಡಿದರೆ ಎತ್ತಲಿಲ್ಲ. ನನ್ನ ಕೈಯಲ್ಲಿ ಕಾಗದವಿತ್ತು, ಐದು ಮೊಹರಿನ ಕಾಗದ, ಅವಳು ನನ್ನ ಹೆಂಡತಿ ಎಂದು ಎರಡು ದೇಶದ ಸರ್ಕಾರ ಒಪ್ಪಿದ ಕಾಗದ. ಅವಳು ಹೇಗೆ ಹೋಗುತ್ತಾಳೆ ನೋಡುತ್ತೇನೆ ಎಂದುಕೊಂಡೆ. ಹಾಗೆ ಒಂದೂವರೆ ತಿಂಗಳು ಕಳೆದೆ. ಗಿರಾಕಿಗಳು ನನ್ನ ಮೇಜು ಬಿಟ್ಟು ಸೆಬಾಸ್ಟಿಯನ್ನಿನ ಎದುರು ಸಾಲು ನಿಲ್ಲತೊಡಗಿದರು.

ಅವನಿಗೆ ಎಲ್ಲ ಹೇಳಿದ್ದೆ. ಒಂದು ದಿನ ಮಾರ್ಟಿನಾ ಕಳಿಸಿದ ಡಬ್ಬಿಯನ್ನು ಅರ್ಧ ನನ್ನ ಕಡೆ ಸರಿಸಿ ಕೇಳಿದ. "ಆ ಸರ್ಟಿಫಿಕೇಟ್ ನೀನು ಅವಳನ್ನು ಕರ್ಕೊಂಡು ಬರ್ಲಿಕ್ಕೆ ಮಾಡಿಸಿದ್ದಾ, ಹಿಡಿದು ಇಟ್ಟುಕೊಳ್ಳಲಿಕ್ಕೆ ಮಾಡಿಸಿದ್ದಾ?"

ಡಬ್ಬಿಯನ್ನು ಅವನ ಕಡೆಗೇ ಸರಿಸಿದೆ. ಎದ್ದು ಕೈ ತೊಳೆದೆ. ಇಡೀ ಮಧ್ಯಾಹ್ನ ಆ ಮಾತು ತಲೆಯೊಳಗೆ ಕೂತಿತ್ತು. ಇಷ್ಟು ವರ್ಷದಲ್ಲಿ ಝುಲೈಖ ನನ್ನ ಹತ್ತಿರ ಕೇಳಿದ್ದು ಎರಡೇ. ಹೆಸರು ಸರಿ ಮಾಡಿಸಿ, ನನ್ನನ್ನು ಬಿಟ್ಟುಬಿಡಿ. ಮೊದಲನೆಯದಕ್ಕೆ ಹತ್ತು ವರ್ಷ ತೆಗೆದುಕೊಂಡೆ. ಎರಡನೆಯದಕ್ಕೂ ಕಾಯಿಸಿದರೆ ಅವಳು ಕಾಯುತ್ತಾಳೆ, ಬೇರೇನು ಮಾಡುತ್ತಾಳೆ? ಕಾಯುವುದನ್ನು ನಾನೇ ಅವಳಿಗೆ ಕಲಿಸಿಕೊಟ್ಟದ್ದು. ಅವಳು ಮಿಷನ್ನಿನ ಎದುರು ಕೂತು, ಬಾಗಿಲಲ್ಲಿ ಯಾರೋ ಬಂದರೆಂದು ತಲೆಯೆತ್ತುವುದು ಕಣ್ಣಿಗೆ ಕಟ್ಟಿತು. ನನಗೆ ಅವಳ ಮೇಲೆ ಪ್ರೀತಿ ಇತ್ತು. ಅದನ್ನು ತೋರಿಸಲು ನನಗೆ ಉಳಿದದ್ದು ಇದೊಂದೇ ಸಹಿ.

ಸಂಜೆ ಗಿರಾಕಿಗಳು ಹೋದ ಮೇಲೆ ನಮೂನೆಯನ್ನು ತೆರೆದು ಪ್ರಿಂಟ್ ತೆಗೆದೆ. ಕನ್ನಡದಲ್ಲಿ ಅಚ್ಚಾದ ಒಂದೇ ಪುಟ. ಪೆನ್ನು ಹಿಡಿದೆ, ಅಕ್ಷರ ಮೂಡಲಿಲ್ಲ. ಸೆಬಾಸ್ಟಿಯನ್ ಕುರ್ಚಿ ಎಳೆದುಕೊಂಡು ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ನಾನು ಗಿರಾಕಿ ಕೂರುವ ಸ್ಟೂಲಿಗೆ ಸರಿದೆ.

"ಹೆಂಡತಿಯ ಹೆಸರು" ಎಂದು ಓದಿ ತಾನೇ ಬರೆದ. "ನಿಕಾಹಿನ ತಾರೀಕು?" ಹೇಳಿದೆ. "ಮಕ್ಕಳು?"

"ಇಲ್ಲ."

"ಒಟ್ಟಿಗೆ ಸಂಸಾರ ಮಾಡಿದ್ದು ಎಷ್ಟು ವರ್ಷ?"

ನಾನು ರಜೆಗಳನ್ನು ನೆನಪು ಮಾಡಿಕೊಂಡೆ. ಮೊದಲ ಸಲ ನಲವತ್ತೈದು ದಿನ. ಆಮೇಲೆ ಎರಡು ಸಲ ನಲವತ್ತು. ಒಮ್ಮೆ ಮೂವತ್ತು, ಮತ್ತೆ ನಲವತ್ತು. ಮೊನ್ನೆ ಮೇ ತಿಂಗಳಲ್ಲಿ ಎಂಟು.

"ಇನ್ನೂರ ಮೂರು ದಿನ" ಎಂದೆ.

ಅವನು ಬರೆಯಲಿಲ್ಲ. ಪೆನ್ನನ್ನು ಕಾಗದದ ಮೇಲೆ ಹಿಡಿದುಕೊಂಡು, ತಲೆಯೆತ್ತದೆ, ತಗ್ಗಿದ ದನಿಯಲ್ಲಿ ಹೇಳಿದ. "ವರ್ಷದ ಲೆಕ್ಕ ಕೇಳಿದ್ದಾರೆ ಅಬ್ಬಾಸ್."

"ಹಾಗಾದ್ರೆ ಸೊನ್ನೆ ಬರಿ."

ಅವನು ಬರೆದ. ನಾನು ಕೆಳಗೆ ಸಹಿ ಹಾಕಿದೆ.